ಹಂಪೆಯ ಮಳಿಗೆಗಳು ಮನೆಗಳಾದ ವೃತ್ತಾಂತ

ಪಂಪಾಕ್ಷೇತ್ರವು ಶಿವಭಕ್ತರಿಗೆ ಪರಮಪವಿತ್ರವೆಂಬುದು ಸರ್ವವಿದಿತವಾದುದು. ಪ್ರೌಢದೇವರಾಯನ ಕಾಲದಲ್ಲಿ (ಕ್ರಿ. ಶ. ೧೪೨೪–೧೪೪೬) ನೂರೊಂದು ವಿರಕ್ತರು ವಿಜಯನಗರದಲ್ಲಿ ನೆಲಸಿ ವೀರಶೈವ ಧರ್ಮವನ್ನು ಬೆಳಗಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಲಕ್ಕಣ್ಣ ದಂಡೇಶನ ಶಿವತತ್ತ್ವಚಿಂತಾಮಣಿಯೂ ಚಾಮರಸನ ಪ್ರಭುಲಿಂಗಲೀಲೆಯೂ ಆ ಕಾಲದ ಫಲಗಳು. ಆ ನಗರದ ಗುಡಿಗೋಪುರಗಳನ್ನು ವರ್ಣಿಸಿದವರು ಬಹುಮಂದಿ. ಅಲ್ಲಿನ ಪೇಟೆಯ ಮಳಿಗೆಗಳಿಗೊದಗಿದ ಗತಿಯನ್ನು ವಿಚಾರಿಸಿದವರು ವಿರಳ. ಆದುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ವಿರೂಪಾಕ್ಷ ದೇವಾಲಯದ ಪೂರ್ವಗೋಪುರದಿಂದ ಮತಂಗಪರ್ವತದ ಬುಡದಲ್ಲಿರುವ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರು ಉದ್ದದ ರಥಬೀದಿಯಿದೆ. ಅದರ ಇಕ್ಕೆಲಗಳಲ್ಲಿಯೂ ಕಲ್ಗಂಬದ ಮಂಟಪಗಳ ಸಾಲು, ಕೆಲವಕ್ಕೆ ಎರಡಂತಸ್ತು. ದೇವರ ತೇರು ಸಾಗುವ ಬೀದಿಯೇ ವರ್ತಕರು ಸರಕು ಹರವುವ ಪೇಟೆಯೂ ಆಗಿದ್ದಿತು. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನೂ, ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ ಪಯಣಿಗ ಪೇಸನೂ ಈ ನಗರದ ಪೇಟೆಗಳ ಸಮೃದ್ಧಿಯನ್ನು ಬರೆದಿಟ್ಟಿದ್ದಾರೆ.

೧೫೬೫ನೆಯ ಜನವರಿಯ ರಕ್ಕಸಗಿ-ತಂಗಡಗಿ ಯುದ್ಧದ ತರುವಾಯ ರಾಜಧಾನಿಯು ಪಾಳುಬಿದ್ದಿತು. ವರ್ತಕರು ಚೆದುರಿದರು, ಕಂಬಗಳು ಮಾತ್ರ ನಿಂತವು. ಆದರೂ ವಿರೂಪಾಕ್ಷನ ಸನ್ನಿಧಿಗೆ ಯಾತ್ರಿಕರು ಬರುತ್ತಲೇ ಇದ್ದರು. ಯಾತ್ರಿಕರಿರುವಲ್ಲಿ ಹೂಕಾಯಿ ಮಾರುವವರು ಬೇಕು. ಮಾರುವವರಿಗೆ ತಲೆಯ ಮೇಲೊಂದು ಸೂರು ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ಕುಟುಂಬಗಳು ಈ ಮಂಟಪಗಳ ಕಂಬಗಳ ನಡುವೆ ಗೋಡೆಯೆತ್ತಿ, ಬಾಗಿಲಿರಿಸಿ, ಒಲೆ ಹೂಡಿದವು. ಸರಕಿನ ರಾಶಿಯಿದ್ದೆಡೆಯಲ್ಲಿ ತೊಟ್ಟಿಲು ತೂಗಿತು.

೧೯೮೬ರಲ್ಲಿ ಹಂಪೆಯು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೨೦೧೧ನೆಯ ಜುಲೈ ತಿಂಗಳಿನಲ್ಲಿ ಅಧಿಕಾರಿಗಳು ಈ ಬೀದಿಯ ಮನೆ ಅಂಗಡಿಗಳನ್ನು ಕೆಡವಿಸಿದರು. ತೆರವಾದವರಿಗೆ ಕದ್ದಿರಾಂಪುರದ ಬಳಿ ಪುನರ್ವಸತಿಯು ಗೊತ್ತಾಯಿತು. ಆದರೆ ಒಡೆದ ಮನೆಯ ಬದಲಿಗೆ ಮತ್ತೊಂದು ಮನೆಯೇಳುವುದು ಒಂದೆರಡು ದಿನದ ಕೆಲಸವಲ್ಲ.

ಇಲ್ಲಿ ನ್ಯಾಯವು ಯಾರ ಕಡೆ? ಕಂಬಕ್ಕೆ ಗೋಡೆ ಬೆಸೆದರೆ, ಮಾಳಿಗೆಗೆ ಹೊಗೆ ಹತ್ತಿದರೆ ಪ್ರಾಚೀನ ಶಿಲ್ಪಕ್ಕೆ ಹಾನಿಯೆಂಬುದು ದಿಟ. ಕಲ್ಲು ಸಮಸ್ತ ನಾಡಿನ ಸೊತ್ತು. ಅದನ್ನು ಕಾಪಾಡತಕ್ಕದ್ದೇ ಸರಿ. ಆದರೆ ಬರಿದಾದ ಬೀದಿಯಲ್ಲಿ ದೀಪ ಹಚ್ಚಿ, ಯಾತ್ರಿಕರಿಗೆ ಅನ್ನ ನೀರು ಒದಗಿಸಿ, ಕಾಯಕದಿಂದ ಬದುಕಿದವರನ್ನು ಕಸದಂತೆಣಿಸುವುದು ಶರಣಧರ್ಮವಲ್ಲ. ಮೊದಲು ಹೊಸ ಸೂರು, ಬಳಿಕ ಹಳೆಯ ಸೂರಿನ ತೆರವು ಎಂಬ ಕ್ರಮವೇ ಯುಕ್ತವಾದುದು.

ನಮ್ಮ ಮಠಗಳಲ್ಲಿಯೂ ಹಳೆಯ ಕಣಜಗಳುಂಟು, ಉಗ್ರಾಣಗಳುಂಟು, ಛತ್ರಗಳುಂಟು. ಅವುಗಳನ್ನು ವಿದ್ಯಾರ್ಥಿಗಳ ವಸತಿಯಾಗಿ ಮಾರ್ಪಡಿಸುವಾಗಲೂ, ಜೀರ್ಣೋದ್ಧಾರಕ್ಕಾಗಿ ತೆರವು ಮಾಡುವಾಗಲೂ ಸದ್ಭಕ್ತರು ಹಂಪೆಯ ಈ ಬೀದಿಯನ್ನು ನೆನೆಯಬೇಕು. ಕಟ್ಟಡದ ಮರ್ಯಾದೆಯೂ ಒಳಗಿರುವವರ ಮರ್ಯಾದೆಯೂ ಒಡನೊಡನೆ ಉಳಿದರೆ ಮಾತ್ರ ಅಂತಹ ಕಾರ್ಯವು ದಾಸೋಹವೆನಿಸುವುದು.