ಡಿಕ್ಕಿಯ ಮೇಲಿನ ಎರಡಕ್ಷರ

ಇಟಾಲಿಯನ್ ಭಾಷೆಯ ‘ಗ್ರಾನ್ ಟುರಿಸ್ಮೊ’ ಎಂಬ ಜೋಡಿಪದದ ಮೊದಲಕ್ಷರಗಳೇ ಜಿಟಿ. ‘ಗ್ರಾನ್’ ಎಂದರೆ ದೊಡ್ಡದು, ‘ಟುರಿಸ್ಮೊ’ ಎಂದರೆ ಪ್ರವಾಸ. ಹದಿನೇಳು, ಹದಿನೆಂಟನೇ ಶತಮಾನಗಳಲ್ಲಿ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಓದು ಮುಗಿಸಿ, ತಿಂಗಳುಗಟ್ಟಲೆ ಯುರೋಪು ಸುತ್ತಿ ಇಟಲಿ ನೋಡಿ ಬರುತ್ತಿದ್ದರು. ಆ ತಿರುಗಾಟಕ್ಕೆ ‘ಗ್ರ್ಯಾಂಡ್ ಟೂರ್’ ಎಂದು ಹೆಸರು. ಕಾರಿನ ಹೆಸರಾದಾಗಲೂ ಪದದ ಅರ್ಥ ಅಲ್ಲಿಗೆ ಹತ್ತಿರವೇ ಇತ್ತು: ಇಬ್ಬರು, ಅವರ ಲಗೇಜು, ದಿನವೊಂದಕ್ಕೆ ನೂರಾರು ಕಿಲೋಮೀಟರ್ ದಾರಿ. ಭಾರತದ ಜಿ.ಟಿ. ರಸ್ತೆಯ ಅಕ್ಷರಗಳು ಬೇರೆ. ಅವು ‘ಗ್ರ್ಯಾಂಡ್ ಟ್ರಂಕ್’.

1930ರ ಹೊತ್ತಿಗೆ ಆಲ್ಫಾ ರೋಮಿಯೊ ತನ್ನ 6ಸಿ 1750 ಕಾರಿನ ಒಂದು ಮಾದರಿಯನ್ನು ಗ್ರಾನ್ ಟುರಿಸ್ಮೊ ಎಂದೇ ಮಾರುತ್ತಿತ್ತು. 1929 ಮತ್ತು 1930ರ ಮಿಲ್ಲೆ ಮಿಲ್ಯಾ ರೇಸುಗಳನ್ನು ಗೆದ್ದದ್ದು 6ಸಿ 1750 ಮನೆತನದ ಕಾರುಗಳೇ. ಬ್ರೆಷಾದಿಂದ ರೋಮ್‌ಗೆ ಹೋಗಿ ಮರಳುವ ಆ ರೇಸು ಸುಮಾರು 1,600 ಕಿಲೋಮೀಟರ್ ಉದ್ದದ್ದು. ನಡೆಯುತ್ತಿದ್ದದ್ದು ಎತ್ತಿನ ಗಾಡಿಯೂ ಓಡಾಡುವ ಊರ ರಸ್ತೆಗಳಲ್ಲಿ. ಹೀಗಾಗಿ ಪ್ರವಾಸದ ಕಾರಿಗೂ ರೇಸಿನ ಕಾರಿಗೂ ನಡುವೆ ಇದ್ದದ್ದು ತೆಳುವಾದ ಗೆರೆ. 1951ರಲ್ಲಿ ಲಾಂಚಿಯಾ ಆರೇಲಿಯಾ ಬಿ20 ಜಿಟಿ ಎರಡು ಲೀಟರಿನ ಎಂಜಿನ್ನಿನಲ್ಲೇ ಮಿಲ್ಲೆ ಮಿಲ್ಯಾದ ಎರಡನೇ ಸ್ಥಾನ ಹಿಡಿಯಿತು. ಅದರ ಮುಂದಿದ್ದದ್ದು 4.1 ಲೀಟರಿನ ಫೆರಾರಿ ಒಂದೇ.

ರೇಸಿನ ಆಡಳಿತ ಈ ಪದವನ್ನು ಕೈಗೆತ್ತಿಕೊಂಡ ಮೇಲೆ ಅದಕ್ಕೆ ಕಾನೂನಿನ ಅರ್ಥ ಬಂತು. ಜಿಟಿ ವರ್ಗದಲ್ಲಿ ಓಡಬೇಕಾದರೆ ಅಂಥ 100 ಕಾರುಗಳನ್ನು ಹನ್ನೆರಡು ತಿಂಗಳಲ್ಲಿ ತಯಾರಿಸಿರಬೇಕು ಎಂಬುದು ಆಗಿನ ನಿಯಮ. ಅದನ್ನು ಪೂರೈಸಿದ ಕಾರಿಗೆ ಸಿಗುವ ಮಾನ್ಯತೆಯನ್ನು ಸೂಚಿಸುವ ಇಟಾಲಿಯನ್ ಪದ ‘ಒಮೊಲೊಗಾಟೊ’. ಹೀಗೆ 1962ರ ಫೆರಾರಿ 250 ಜಿಟಿಒದಲ್ಲಿ ಮೂರನೆಯ ಅಕ್ಷರ ಸೇರಿತು. ತಮಾಷೆಯೆಂದರೆ ಆ ಕಾರು ತಯಾರಾದದ್ದು 36 ಮಾತ್ರ. ಹಳೆಯ 250 ಜಿಟಿ ಕಾರಿಗೇ ಹೊಸ ಮೈ ತೊಡಿಸಿದ್ದು ಎಂಬ ವಾದದ ಮೇಲೆ ಅದಕ್ಕೆ ಮಾನ್ಯತೆ ಸಿಕ್ಕಿತು. 1962ರಿಂದ 1964ರವರೆಗೆ ಮೂರು ವರ್ಷವೂ ತನ್ನ ವರ್ಗದ ಜಿಟಿ ಚಾಂಪಿಯನ್‌ಶಿಪ್ ಗೆದ್ದ ಆ ಕಾರುಗಳಲ್ಲಿ ಒಂದು 2018ರ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾಯಿತು.

ಅಮೆರಿಕದ ಪಾಂಟಿಯಾಕ್ ಇದೇ ಮೂರಕ್ಷರಗಳನ್ನು 1964ರಲ್ಲಿ ಎತ್ತಿಕೊಂಡಿತು. ಮಾಲೀಕ ಕಂಪನಿ ಜನರಲ್ ಮೋಟರ್ಸ್ ಹಿಂದಿನ ವರ್ಷವಷ್ಟೇ ತನ್ನ ಅಂಗಸಂಸ್ಥೆಗಳು ರೇಸಿಗೆ ಇಳಿಯಬಾರದೆಂದು ಅಪ್ಪಣೆ ಹೊರಡಿಸಿತ್ತು. ಪಾಂಟಿಯಾಕ್‌ನ ಜಿಟಿಒ ಯಾವ ಮಾನ್ಯತೆಯನ್ನೂ ಪಡೆದ ಕಾರಲ್ಲ. ಮಧ್ಯಮ ಗಾತ್ರದ ಕಾರಿಗೆ 6.4 ಲೀಟರಿನ ವಿ8 ಎಂಜಿನ್ ಕೂರಿಸಿದ ಒಂದು ಪ್ಯಾಕೇಜು. ಮೊದಲ ವರ್ಷವೇ 32,450 ಮಾರಿಹೋದವು. ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆ ಅದೇ ವರ್ಷ ಎರಡೂ ಜಿಟಿಒಗಳನ್ನು ಹೋಲಿಸಿ ಬರೆಯಿತು, ಆದರೆ ಎರಡನ್ನೂ ಅಕ್ಕಪಕ್ಕದಲ್ಲಿ ಓಡಿಸಿ ನೋಡಿರಲಿಲ್ಲ. ಫೆರಾರಿಯಲ್ಲೂ ಆ ಮೂರನೆಯ ಅಕ್ಷರದ ಅರ್ಥ ಸವೆಯಿತು. 1984ರ ಜಿಟಿಒ ‘ಗ್ರೂಪ್ ಬಿ’ ಎಂಬ ರೇಸಿನ ವರ್ಗಕ್ಕೆಂದು ಬೇಕಿದ್ದ 200ರ ಜಾಗದಲ್ಲಿ 272 ತಯಾರಾಯಿತು, ರೇಸಿಗೆ ಮಾತ್ರ ಇಳಿಯಲಿಲ್ಲ. 2010ರ 599 ಜಿಟಿಒ ಹೊತ್ತಿಗೆ ಅದು ಬರೀ ಮನೆತನದ ಹೆಸರು.

ದಿನಬಳಕೆಯ ಕಾರುಗಳ ಜಿಟಿಯೆಲ್ಲ ಎರವಲು ಎಂದು ಹೇಳಲು ಬರುವುದಿಲ್ಲ. ಜಪಾನಿನ ಪ್ರಿನ್ಸ್ ಕಂಪನಿ 1964ರಲ್ಲಿ ತನ್ನ ಸಾಧಾರಣ ಸ್ಕೈಲೈನ್ ಕಾರಿನ ಮೂತಿಯನ್ನು 20 ಸೆಂಟಿಮೀಟರ್ ಉದ್ದ ಮಾಡಿ, ಆರು ಸಿಲಿಂಡರಿನ ಎಂಜಿನ್ ತುರುಕಿ, 100 ಕಾರುಗಳ ಲೆಕ್ಕವನ್ನು ನಿಜಕ್ಕೂ ಭರ್ತಿ ಮಾಡಿತು. ಸುಝುಕಾದ ರೇಸಿನಲ್ಲಿ ಆ ನಾಲ್ಕು ಬಾಗಿಲಿನ ಕಾರು ಪೋರ್ಷೆ 904ರ ಮುಂದೆ ಒಂದು ಸುತ್ತು ಓಡಿ ಜನರನ್ನು ದಂಗುಬಡಿಸಿತು. 1969ರ ಸ್ಕೈಲೈನ್ ಜಿಟಿ-ಆರ್‌ನ ಬೇರು ಇಲ್ಲಿದೆ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ 1976ರಲ್ಲಿ ಗಾಲ್ಫ್ ಜಿಟಿಐ ಮಾರತೊಡಗಿತು. 1.6 ಲೀಟರ್, 110 ಅಶ್ವಶಕ್ತಿ. ‘ಐ’ ಎಂದರೆ ಇಂಧನದ ಇಂಜೆಕ್ಷನ್. ಕಂಪನಿ ಯೋಚಿಸಿದ್ದು 5,000 ಕಾರು. ಮೊದಲ ತಲೆಮಾರಿನಲ್ಲೇ ತಯಾರಾದದ್ದು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಸಂತೆಗೂ ಹೋಗುವ, ಹೆದ್ದಾರಿಯಲ್ಲಿ ದೊಡ್ಡ ಕಾರುಗಳ ಬೆನ್ನೂ ಹತ್ತುವ ಪುಟ್ಟ ಕಾರು ಎಂಬ ಹೊಸ ಜಾತಿಯೇ ಅದರಿಂದ ಬೆಳೆಯಿತು.

ಮುಂದೆ ಹೆಸರು ಎದುರು ದಿಕ್ಕಿಗೂ ಹರಿಯಿತು. ಪೋರ್ಷೆ 1999ರಲ್ಲಿ ತನ್ನ 911ರ ಒಂದು ಬೀದಿ ಮಾದರಿಗೆ ಆಗಿನ ರೇಸಿನ ಒಂದು ವರ್ಗದ ಹೆಸರನ್ನೇ ಇಟ್ಟು ಜಿಟಿ3 ಎಂದಿತು. ಈಗ ಜಗತ್ತಿನಾದ್ಯಂತ ಓಡುವ ಜಿಟಿ3 ವರ್ಗ 2006ರಲ್ಲಿ ರೂಪುಗೊಂಡದ್ದು. ಅದರಲ್ಲಿ ಫೆರಾರಿ, ಲ್ಯಾಂಬೋರ್ಗಿನಿಗಳ ಜೊತೆಗೆ ಫೋರ್ಡ್ ಮಸ್ಟ್ಯಾಂಗ್‌ನಂಥ ಹೆಚ್ಚು ಜನರ ಕೈಗೆಟಕುವ ಕಾರೂ ಇದೆ. ತೂಕ, ಎಂಜಿನ್ನಿಗೆ ಹೋಗುವ ಗಾಳಿ ಇವನ್ನು ಹೆಚ್ಚುಕಡಿಮೆ ಮಾಡಿ ಸಂಘಟಕರು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವುದರಿಂದ ಷೋರೂಮಿನ ಬೆಲೆಯ ಅಂತರ ಟ್ರ್ಯಾಕಿನಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಅರ್ಜುನ್ ಮೈನಿ ಜರ್ಮನಿಯ ಡಿಟಿಎಂ ಸರಣಿಯಲ್ಲಿ ಮೊದಲು ಮರ್ಸಿಡಿಸ್, 2025ರಲ್ಲಿ ಮಸ್ಟ್ಯಾಂಗ್ ಓಡಿಸಿದ್ದು ಈ ವರ್ಗದಲ್ಲೇ.

ಕಾರು ಕಾಣದವರಿಗೂ ಪದ ಮುಟ್ಟಿಸಿದ್ದು ವಿಡಿಯೊ ಗೇಮು. 1997ರಲ್ಲಿ ಜಪಾನಿನಲ್ಲಿ ಬಂದ ‘ಗ್ರಾನ್ ಟುರಿಸ್ಮೊ’ ಆಟಗಾರನನ್ನು ನೇರವಾಗಿ ಸೂಪರ್‌ಕಾರಿನಲ್ಲಿ ಕೂರಿಸುವುದಿಲ್ಲ. ಕೈಲಿರುವ ಚೂರು ಕಾಸಿಗೆ ಸಿಗುವ ಸಣ್ಣ ಕಾರು ಕೊಂಡು, ರೇಸು ಗೆದ್ದು, ಮೇಲೇರಬೇಕು.

ಭಾರತದ ಮಾರುಕಟ್ಟೆಯಲ್ಲಿ 2013ರಲ್ಲಿ ಫೋಕ್ಸ್‌ವ್ಯಾಗನ್‌ನ ಪೋಲೊ ಜಿಟಿ ಟಿಎಸ್‌ಐ ಬಂತು. ಅದರ ಎಂಜಿನ್ 1.2 ಲೀಟರಿನದು. ಅದೇ ವರ್ಷ ರಾಯಲ್ ಎನ್‌ಫೀಲ್ಡ್ ತನ್ನ 1960ರ ದಶಕದ ಹೆಸರನ್ನು ಮರಳಿ ತಂದು ಕಾಂಟಿನೆಂಟಲ್ ಜಿಟಿ ಬೈಕು ಬಿಟ್ಟಿತು. ಇಲ್ಲಿ ಜಿಟಿ ಎಂದರೆ ಕಂಪನಿಯ ಮಾದರಿಗಳಲ್ಲಿ ಚುರುಕಾದದ್ದು ಎಂದಷ್ಟೇ ಅರ್ಥ. ರೇಸಿನ ಮಾನ್ಯತೆಯ ಮಾತಿಲ್ಲ. ಮೂಲಾರ್ಥವನ್ನೇ ಅಳತೆಗೋಲು ಮಾಡಿಕೊಂಡರೆ ಲೆಕ್ಕ ಬದಲಾಗುತ್ತದೆ. ಪೋರ್ಷೆಯ 1999ರ ಜಿಟಿ3ಗೆ ಹಿಂದಿನ ಸೀಟೇ ಇರಲಿಲ್ಲ. ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿಯಲ್ಲಿ ಮನೆಮಂದಿ ಕೂತು, 521 ಲೀಟರಿನ ಡಿಕ್ಕಿಗೆ ಲಗೇಜು ತುಂಬಿ, ದೂರದ ಊರಿಗೆ ಹೊರಡಬಹುದು.