ಆಲ್ ಬೈ ಮೈಸೆಲ್ಫ್

ಆಲ್ ಬೈ ಮೈಸೆಲ್ಫ್: ಅಮೆರಿಕದ ಗಾಯಕ, ಗೀತರಚನಕಾರ ಎರಿಕ್ ಕಾರ್ಮೆನ್ 1975ರಲ್ಲಿ ಹೊರತಂದ ಪವರ್ ಬ್ಯಾಲಡ್. ಪ್ರೀತಿ ಕೈತಪ್ಪಿದ ಮೇಲೆ ಉಳಿಯುವ ಒಂಟಿತನ ಇದರ ವಸ್ತು. 1976ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಎರಡನೆಯ ಸ್ಥಾನಕ್ಕೇರಿತು.

ಹಿನ್ನೆಲೆ: ಚರಣದ ಮಟ್ಟು ರಷ್ಯದ ಸಂಯೋಜಕ ಸೆರ್ಗೈ ರಾಖ್ಮನಿನೋವ್ 1900-01ರಲ್ಲಿ ರಚಿಸಿದ ಎರಡನೆಯ ಪಿಯಾನೊ ಕನ್ಚರ್ಟೊದ ಮಧ್ಯಭಾಗದಿಂದ ಬಂದದ್ದು. ಪಲ್ಲವಿಯ ಮಟ್ಟನ್ನು ಕಾರ್ಮೆನ್ ತಾನಿದ್ದ ರಾಸ್‌ಬೆರೀಸ್ ತಂಡದ 'ಲೆಟ್ಸ್ ಪ್ರಿಟೆಂಡ್' ಹಾಡಿನಿಂದ ತೆಗೆದುಕೊಂಡ. ರಾಖ್ಮನಿನೋವ್ ಕೃತಿಯ ಹಕ್ಕುಸ್ವಾಮ್ಯ ಅಮೆರಿಕದ ಹೊರಗೆ ಇನ್ನೂ ಜಾರಿಯಲ್ಲಿದ್ದುದರಿಂದ ಅವನ ವಾರಸುದಾರರಿಗೆ ರಾಯಲ್ಟಿಯ ಪಾಲು ಸಲ್ಲಿಸಬೇಕಾಯಿತು.

ಸ್ವರಸಂಯೋಜನೆ: ಕನ್ಚರ್ಟೊದ ಈ ಭಾಗ ಸಿ ಮೈನರ್‌ನ ಮಂದ್ರ ಗಾಂಭೀರ್ಯದಲ್ಲಿ ಆರಂಭವಾಗಿ ಕೆಲವೇ ಕ್ಷಣಗಳಲ್ಲಿ ಇ ಮೇಜರ್‌ಗೆ ಹೊರಳುತ್ತದೆ. ಪಿಯಾನೊ ಸ್ವರಗಳನ್ನು ಬಿಡಿಬಿಡಿಯಾಗಿ ಹರಿಸುತ್ತಿರುವಾಗ ಕೊಳಲೂ ಕ್ಲಾರಿನೆಟ್ಟೂ ರಾಗವನ್ನು ಎತ್ತಿಕೊಳ್ಳುತ್ತವೆ. ಕಾರ್ಮೆನ್ ಆ ರಾಗವನ್ನು ಮೆಲುದನಿಗೆ ಒಪ್ಪಿಸಿದ. ಚರಣದಲ್ಲಿ ಅಂತರ್ಮುಖವಾಗಿದ್ದ ನೋವು ಪಲ್ಲವಿಯಲ್ಲಿ ಡ್ರಮ್, ತಂತಿವಾದ್ಯಗಳೊಂದಿಗೆ ತೆರೆದ ಕೊರಳಿನ ಮೊರೆಯಾಗುತ್ತದೆ. ಈ ಏರುಗತಿಯೇ ಹಾಡಿನ ಜೀವ. ಆಲ್ಬಮ್ ಆವೃತ್ತಿಯಲ್ಲಿ ನಡುವೆ ದೀರ್ಘ ಪಿಯಾನೊ ವಾದನವಿದೆ.

ಮರುಗಾಯನ: ಕೆನಡಾದ ಸೆಲೀನ್ ಡಿಯೋನ್ 'ಫಾಲಿಂಗ್ ಇನ್ಟು ಯು' (1996) ಆಲ್ಬಮ್‌ಗಾಗಿ ಡೇವಿಡ್ ಫಾಸ್ಟರ್ ನಿರ್ಮಾಣದಲ್ಲಿ ಇದನ್ನು ಹಾಡಿದಳು. ಕೊನೆಯ ಪಲ್ಲವಿಗೆ ಮೊದಲು ತಾರಸ್ವರವೊಂದನ್ನು ಹಿಡಿದು ನಿಲ್ಲುತ್ತಾಳೆ. ಆಧಾರ ಶ್ರುತಿ ಮೇಲಕ್ಕೇರುತ್ತದೆ. ಪವರ್ ಬ್ಯಾಲಡ್ ಗಾಯನದ ಅತ್ಯುತ್ತಮ ಮಾದರಿಗಳಲ್ಲಿ ಇದೊಂದು.