ಹಿತ್ತಲ ಕೋಳಿಯೂ ಊರ ಕಟ್ಟಳೆಯೂ

ಒಂದು ಪ್ರದೇಶದ ಕಟ್ಟಳೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಭೂಮಿ, ಕಂದಾಯ, ದೇವಸ್ಥಾನಗಳಿಗೆ ಸಂಬಂಧಿಸಿದ ದಾಖಲೆಗಳಿಂದ ಆರಂಭಿಸುತ್ತಾರೆ. ಹಿತ್ತಲಲ್ಲಿ ಕೆದಕಿ ತಿನ್ನುವ ಕೋಳಿಯು ಅವರ ಗಮನಕ್ಕೆ ಬರುವುದು ಅಪೂರ್ವ. ಬೆಳ್ತಂಗಡಿ ಪೇಟೆಗೆ ಹೊಂದಿಕೊಂಡಿರುವ ಲಾಯಿಲದಂತಹ ತುಳುನಾಡಿನ ಗ್ರಾಮಗಳಲ್ಲಿ ಕೋಳಿ ಸಾಕಣೆಯನ್ನು ನಿಯಂತ್ರಿಸಿದುದು ಯಾವುದು, ಲಿಖಿತ ಕಾಯಿದೆಯೋ ರೂಢಿಯೋ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ತುಳುನಾಡಿನ ಗ್ರಾಮವು ಬಯಲುಸೀಮೆಯ ಊರಿನಂತೆ ಒತ್ತಾಗಿ ಕಟ್ಟಿದುದಲ್ಲ. ಗದ್ದೆ ತೋಟಗಳ ನಡುವೆ ಮನೆಗಳು ಚದುರಿಕೊಂಡಿರುತ್ತವೆ. ಆದರೂ ಕೋಳಿಗೆ ಗಡಿಯಿಲ್ಲ. ನೆರೆಮನೆಯ ಅಂಗಳದಲ್ಲಿ ಒಣಹಾಕಿದ ಭತ್ತ, ತರಕಾರಿಯ ಪಾತಿ ಇವು ಅದಕ್ಕೆ ಸುಲಭವಾದ ಆಹಾರ. ಇದರಿಂದ ಹುಟ್ಟುವ ವ್ಯಾಜ್ಯಕ್ಕೆ ಪರಿಹಾರವೇನು?

1871ರ ಜಾನುವಾರು ಅತಿಕ್ರಮಣ ಕಾಯಿದೆಯನ್ನು ನೋಡಿದರೆ ಒಂದು ವಿಶೇಷವು ಕಾಣುತ್ತದೆ. ಪೈರನ್ನು ಹಾಳುಮಾಡಿದ ಪ್ರಾಣಿಯನ್ನು ದೊಡ್ಡಿಗೆ ಅಟ್ಟಿ, ಒಡೆಯನಿಂದ ದಂಡ ವಸೂಲು ಮಾಡಲು ಅದು ಅವಕಾಶವಿತ್ತಿತು. ಆನೆ, ಒಂಟೆ, ಎಮ್ಮೆ, ಕುದುರೆ, ಕತ್ತೆ, ಹಂದಿ, ಕುರಿ, ಆಡು ಇವೆಲ್ಲವೂ ಅದರ ವ್ಯಾಖ್ಯೆಯಲ್ಲಿ ಸೇರಿವೆ, ಕೋಳಿಯ ಹೆಸರಿಲ್ಲ. ತುಳುನಾಡಿನ ರೈತನು ಕಾಣದ ಒಂಟೆಗೆ ಕಾನೂನಿನಲ್ಲಿ ಸ್ಥಳ ದೊರೆತು, ದಿನವೂ ಅವನ ಭತ್ತವನ್ನು ಹೆಕ್ಕುವ ಕೋಳಿಗೆ ದೊರೆಯಲಿಲ್ಲ. ಆದುದರಿಂದ ಇಂತಹ ಜಗಳವು ದೊಡ್ಡಿಯವರೆಗೆ ಹೋಗುವಂತಿರಲಿಲ್ಲ. ಮನೆಮನೆಗಳ ನಡುವೆಯೇ ತೀರಬೇಕಾಗಿತ್ತು. ಸಂಜೆ ಕೋಳಿಗಳನ್ನು ಗೂಡಿಗೆ ಸೇರಿಸುವುದು, ಹೇಂಟೆಯನ್ನು ಪಾಲಿಗೆ ಕೊಟ್ಟು ಮರಿಗಳನ್ನು ಹಂಚಿಕೊಳ್ಳುವುದು, ದೈವಕ್ಕೆ ಹರಕೆ ಹೊತ್ತ ಹುಂಜವನ್ನು ಬೇರೆ ಉಪಯೋಗಕ್ಕೆ ತೆಗೆಯದಿರುವುದು ಇವೇ ಮೊದಲಾದವು ಬರೆದಿಡದ ನಿಯಮಗಳು. ಇವುಗಳಲ್ಲಿ ಬಹುಭಾಗವನ್ನು ನಡೆಸಿಕೊಂಡು ಬಂದವರು ಮನೆಯ ಹೆಂಗಸರು.

ಹಾಗಾದರೆ ಲಿಖಿತ ಶಾಸನವು ಕೋಳಿಯನ್ನು ಗಮನಿಸಿದುದು ಯಾವಾಗ? ಬಲಿ ಮತ್ತು ಕಾಳಗಗಳ ಸಂದರ್ಭದಲ್ಲಿ. ಇದರ ಹಿಂದಿರುವ ಧರ್ಮಜಿಜ್ಞಾಸೆಯು ಹಳೆಯದು. ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಸಂಕಲ್ಪವೇ ರಾಜನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸುತ್ತದೆ. 1604ರಲ್ಲಿ ವೇಣೂರಿನ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಅಜಿಲರೂ ಜೈನರೇ. ಅಂತಹ ಅರಸರು ಆಳಿದ ನಾಡಿನಲ್ಲಿಯೇ ದೈವಗಳಿಗೆ ಕೋಳಿಯ ಹರಕೆಯೂ ಉಳಿದುಬಂದುದು ವಿಚಾರಾರ್ಹವಾದ ಸಂಗತಿ.

ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಾಗ, 1950ರಲ್ಲಿ, ಪ್ರಾಣಿ-ಪಕ್ಷಿಗಳ ಬಲಿಯನ್ನು ತಡೆಯುವ ಕಾಯಿದೆಯಾಯಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1959ರಲ್ಲಿ ಈ ರಾಜ್ಯವೂ ಬಲಿನಿಷೇಧದ ಶಾಸನವನ್ನು ಮಾಡಿತು. 1960ರ ಕೇಂದ್ರ ಕಾಯಿದೆಯು ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಹೊರಟು, ಕೇವಲ ಮನರಂಜನೆಗಾಗಿ ಅವನ್ನು ಕಾದಾಡಿಸುವುದನ್ನು ಅಪರಾಧವೆಂದಿತು. ಆದರೆ ಅದರ 28ನೆಯ ಕಲಮು, ಯಾವುದೇ ಸಮುದಾಯದ ಧರ್ಮವು ವಿಧಿಸುವ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಆ ಕಾಯಿದೆಯಂತೆ ಅಪರಾಧವಲ್ಲವೆನ್ನುತ್ತದೆ. ಕೋಳಿ ಅಂಕವು ಜಾತ್ರೆಯ ಅಂಗವೋ ಬರಿಯ ಜೂಜೋ ಎಂಬ ವಿವಾದಕ್ಕೆ ಇಂತಹ ಭೇದಗಳೇ ಆಸ್ಪದವಿತ್ತಿವೆ.

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು: ಸರಕಾರದ ಕಡತದಲ್ಲಿ ಕೋಳಿಯು ಕಾಣಿಸಿಕೊಂಡುದು ಹೆಚ್ಚಾಗಿ ಕೊಲೆ, ಕಾಳಗಗಳ ಪ್ರಸಂಗದಲ್ಲಿ, ಅದರ ನಿತ್ಯಜೀವನವು ರೂಢಿಯ ಅಧೀನದಲ್ಲಿತ್ತು. ಕಡತಗಳನ್ನಷ್ಟೇ ನಂಬಿ ಚರಿತ್ರೆಯನ್ನು ಬರೆದರೆ ಅಂಕದ ಗಂಡಸರು ಅದರಲ್ಲಿ ಉಳಿಯುತ್ತಾರೆ, ಗೂಡು ಮುಚ್ಚಿದ ಹೆಂಗಸರು ಕಾಣೆಯಾಗುತ್ತಾರೆ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯ ಹೆಂಗಸರನ್ನು ಕೇಳಿ ಈ ಕಟ್ಟಳೆಗಳನ್ನು ಸಂಗ್ರಹಿಸುವುದು ಅವಶ್ಯಕವೆಂದು ಭಾವಿಸುತ್ತೇವೆ.